ಒಂದೇ ಕಂಪನಿಯ ಇ-ಮೇಲೂ ವರ್ನಾಳ ಕಣ್ಣೂ

ಮಾನ್ಯ ಕೌಂಟಿ ಮಾಹಿತಿ ತಂತ್ರಜ್ಞಾನ ನಿರ್ದೇಶಕರೇ,

ಇದನ್ನು ಇ-ಮೇಲಿನಲ್ಲೇ ಕಳಿಸಬೇಕಿತ್ತು. ಅದು ತೆರೆಯದ ಕಾರಣ ಕಾಗದದಲ್ಲಿ ಬರೆದು, ಎಲ್ಲರೂ ಓದಲೆಂದು ದೋಣಿಯಲ್ಲಿ ಪತ್ರಿಕೆಗೆ ಕಳಿಸಿದ್ದೇನೆ. ನೀವು ತಂದ ಹೊಸ ಇ-ಮೇಲ್ ವ್ಯವಸ್ಥೆಯಿಂದ ನನ್ನ ಗಂಡನ ಅಕ್ಕ ವರ್ನಾಳ ಕಣ್ಣಿನ ಶಸ್ತ್ರಚಿಕಿತ್ಸೆ ತಪ್ಪಿಹೋಗಿದೆ. ನನ್ನ ದೂರು ಅದೇ.

ನಾನು ಮೇನ್ ರಾಜ್ಯದ ಕರಾವಳಿಯ ಈ ಪುಟ್ಟ ದ್ವೀಪದ ಊರ ಗುಮಾಸ್ತೆ. ಇಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಇಂಟರ್ನೆಟ್ ತೆವಳಿಕೊಂಡು ಬರುತ್ತದೆ. ಆದರೂ ಮೊನ್ನೆ ಮೊನ್ನೆಯವರೆಗೆ ತೊಂದರೆಯಿರಲಿಲ್ಲ. ಹಳೆಯ ವ್ಯವಸ್ಥೆ ಎಲ್ಲರಿಗೂ ಗೊತ್ತಿರುವ ಮುಕ್ತ ನಿಯಮಗಳ ಮೇಲೆ ನಡೆಯುತ್ತಿತ್ತು. ಯಾವ ತಂತ್ರಾಂಶ ಕೇಳಿದರೂ ಪತ್ರ ಕೊಡುತ್ತಿತ್ತು. ಬೆಳಗ್ಗೆ ನನ್ನ ಮುದಿ ಕಂಪ್ಯೂಟರ್ ಪತ್ರಗಳನ್ನೆಲ್ಲ ಇಳಿಸಿಕೊಂಡರೆ, ಆಮೇಲೆ ಸಂಪರ್ಕ ಹೋದರೂ ನಾನು ಓದಿ ಮನೆಮನೆಗೆ ಸುದ್ದಿ ಮುಟ್ಟಿಸುತ್ತಿದ್ದೆ. ಸ್ವಂತ ಇ-ಮೇಲ್ ಇಲ್ಲದವರ ಆಸ್ಪತ್ರೆಯ ದಿನಾಂಕಗಳೂ ನನ್ನ ವಿಳಾಸಕ್ಕೇ ಬರುತ್ತಿದ್ದವು. ನೀವು ಅದನ್ನು ಕಿತ್ತುಹಾಕಿ, ಒಂದೇ ಕಂಪನಿಯ ಆ್ಯಪ್‌ನಲ್ಲಿ ಮಾತ್ರ ತೆರೆಯುವ ವ್ಯವಸ್ಥೆ ತಂದಿರಿ. ಆ ಆ್ಯಪ್ ತೆರೆಯಲು ಪ್ರತಿ ಸಲ ಮೊಬೈಲಿಗೆ ಒಂದು ಗುಪ್ತಸಂಖ್ಯೆ ಬರಬೇಕು. ಸಿಗ್ನಲ್ಲೇ ಇಲ್ಲದ ಊರಿನಲ್ಲಿ! ಇದನ್ನು ಆರಿಸುವಾಗ ನಕ್ಷೆಯಲ್ಲಿ ನಮ್ಮ ದ್ವೀಪದ ಮೇಲೆ ಕಾಫಿ ಲೋಟ ಇಟ್ಟಿದ್ದಿರೇನು?

ಕಚೇರಿಯ ತಂತಿ ಫೋನಿನಿಂದ ನಿಮ್ಮ ಸಹಾಯವಾಣಿಗೆ ಕರೆ ಮಾಡಿದೆ.

“ಸಿಗ್ನಲ್ ಇರೋ ಕಡೆ ಹೋಗಿ ನೋಡಿ ಮೇಡಂ,” ಅಂದ ಆ ಕಡೆಯ ಹುಡುಗ.

“ಹೋಗ್ತೀನಪ್ಪಾ. ದೋಣಿ ಬರೋದು ಗುರುವಾರ.”

“ಹಾಗಾದ್ರೆ ನಮಗೊಂದು ಇ-ಮೇಲ್ ಹಾಕಿಬಿಡಿ.”

ನಗಬೇಕೋ ಅಳಬೇಕೋ ತಿಳಿಯದೆ ಫೋನಿಟ್ಟೆ. ಗುರುವಾರ ಆಚೆ ದಡಕ್ಕೆ ಹೋಗಿ ತೆರೆದರೆ ಆಸ್ಪತ್ರೆಯ ಪತ್ರ ಕಂಡಿತು. ವರ್ನಾಳ ಕಣ್ಣಿನ ಪೊರೆ ತೆಗೆಯಲು ಕೊಟ್ಟಿದ್ದ ದಿನ ಬುಧವಾರ, ಹಿಂದಿನ ದಿನವೇ ಕಳೆದಿತ್ತು. ಇನ್ನು ಸರದಿ ಮುಂದಿನ ವಸಂತಕ್ಕಂತೆ.

ವರ್ನಾ ಲಾಬ್‌ಸ್ಟರ್ ಹಿಡಿದು ಬದುಕುವವಳು. ಅವನ್ನು ಹಿಡಿಯಲು ನೀರಿನಡಿ ಬಿಟ್ಟ ಪಂಜರ ಯಾರದೆಂದು ಹೇಳುವುದು ಮೇಲೆ ತೇಲುವ ಬೆಂಡಿನ ಬಣ್ಣ. ಇನ್ನೊಬ್ಬರ ಪಂಜರ ಎತ್ತಿದವರನ್ನು ಈ ದ್ವೀಪ ಕ್ಷಮಿಸುವುದಿಲ್ಲ. ಮರುವಾರ, ಮಬ್ಬುಗಣ್ಣಿನ ವರ್ನಾ ಪಕ್ಕದ ಮನೆಯ ಆರ್ವಿಲ್‌ನ ಪಂಜರ ಎತ್ತಿಬಿಟ್ಟಳು.

“ಏನಕ್ಕಾ, ಈ ವಯಸ್ಸಲ್ಲಿ ಕದಿಯೋಕೆ ಶುರು ಮಾಡಿದ್ಯಾ?” ಎಂದು ಅವನು ದೋಣಿಕಟ್ಟೆಯಲ್ಲಿ ಎಲ್ಲರೆದುರು ಕೂಗಿದ.

“ಕೆಂಪು ಅನ್ಕೊಂಡೆ ಕಣೋ. ನಂದೇ ಅಂತ…”

“ಕಿತ್ತಳೆ ಅದು! ಕದ್ದಿದ್ದಲ್ದೆ ಕಣ್ಣು ಕಾಣಲ್ಲ ಅಂತ ನಾಟಕ ಬೇರೆ!”

ಅಂದಿನಿಂದ ಯಾರೂ ಅವಳನ್ನು ಮಾತಾಡಿಸುತ್ತಿಲ್ಲ. ಅವಳು ದೋಣಿ ಇಳಿಸುವುದನ್ನೇ ಬಿಟ್ಟಿದ್ದಾಳೆ.

ಹೊಸದರಲ್ಲಿ ಭದ್ರತೆ ಹೆಚ್ಚು ಎನ್ನುತ್ತೀರಿ. ನಿಜ, ಯಾರೂ ಓದಲಾಗದ ಪತ್ರಕ್ಕಿಂತ ಭದ್ರವಾದದ್ದು ಯಾವುದಿದೆ? ಮುಕ್ತ ವ್ಯವಸ್ಥೆಗೂ ಬೀಗ ಹಾಕಬಹುದು. ಬೀಗದ ಕೈ ಮಾತ್ರ ನಮ್ಮ ಸೊಂಟದಲ್ಲೇ ಇರುತ್ತದೆ. ನಾಳೆ ಆ ಕಂಪನಿ ಅಂಗಡಿ ಮುಚ್ಚಿದರೆ ಕೌಂಟಿಯ ಪತ್ರಗಳನ್ನೆಲ್ಲ ಯಾರ ಮನೆ ಬಾಗಿಲು ತಟ್ಟಿ ಓದಿಸಿಕೊಳ್ಳುತ್ತೀರಿ?

ಮುಕ್ತ ವ್ಯವಸ್ಥೆಯನ್ನು ಮರಳಿ ತನ್ನಿ. ವರ್ನಾಗೆ ವಸಂತಕ್ಕೆ ಮುಂಚೆಯೇ ಸರದಿ ಕೊಡಿಸಿ. ಅದಕ್ಕೂ ಮೊದಲು ಒಮ್ಮೆ ಇಲ್ಲಿಗೆ ಬನ್ನಿ. ನಮ್ಮ ದೋಣಿಕಟ್ಟೆಯ ಮೇಲೆ ನಿಂತು, ಈ ಹೆಂಗಸು ಕಳ್ಳಿಯಲ್ಲ, ತಪ್ಪು ನನ್ನದು ಎಂದು ಬಾಯಿಬಿಟ್ಟು ಹೇಳಿ. ನಾನು ಹೇಳಿದರೆ ಯಾರೂ ನಂಬುತ್ತಿಲ್ಲ.

ಇಂತಿ,
ನಿಮ್ಮ ಕಂಪ್ಯೂಟರಿನ ಪ್ರಕಾರ ‘ನಿಷ್ಕ್ರಿಯ ಬಳಕೆದಾರಳು’,
ಲೋರೆಟಾ ಬೀಲ್
ಊರ ಗುಮಾಸ್ತೆ