ಎಣಿಕೆಗೆ ಬಾರದ ವಾಲಿಬಾಲ್ ಹುಡುಗಿಯರು

ನಮ್ಮ ಕಾಲೇಜಿನ ಮಾನ್ಯ ಕ್ರೀಡಾ ನಿರ್ದೇಶಕರೇ,

ಕಳೆದ ಶನಿವಾರ ನಮ್ಮ ಮಹಿಳಾ ವಾಲಿಬಾಲ್ ತಂಡ ಈ ಕ್ರೀಡಾ ಋತುವಿನ ಹದಿನೆಂಟನೇ ಸೋಲು ಕಂಡು ಆಟ ಮುಗಿಸಿತು. ಗೆದ್ದದ್ದು ಎರಡು. ವರದಿ ಮಾಡಿದ್ದು ವಿದ್ಯಾರ್ಥಿ ಪತ್ರಿಕೆ. ನಾನು ಮೂವತ್ತೊಂದು ವರ್ಷ ಕ್ರೀಡಾಪುಟ ನೋಡಿಕೊಂಡ ಊರಿನ ಪತ್ರಿಕೆಯಲ್ಲಿ ಒಂದು ಸಾಲೂ ಬರಲಿಲ್ಲ. ಹೋದ ವರ್ಷ, ನೆರೆಯ ಕಾಲೇಜುಗಳ ಹಳೆಯ ಕ್ರೀಡಾ ಒಕ್ಕೂಟದಲ್ಲಿ, ಇದೇ ತಂಡ ಹತ್ತೊಂಬತ್ತು ಪಂದ್ಯ ಗೆದ್ದಿತ್ತು.

ಇಲ್ಲಿಂದ ದೂರದ ಅಟ್ಲಾಂಟಿಕ್ ಕರಾವಳಿಯವರೆಗೆ ಹಬ್ಬಿದ ದೊಡ್ಡ ಒಕ್ಕೂಟಕ್ಕೆ ಕಾಲೇಜನ್ನು ಸೇರಿಸುವಾಗ ‘ಸ್ಪರ್ಧೆಯ ಮಟ್ಟ ಏರಲಿದೆ’ ಎಂದಿರಿ. ಏರಿದೆ, ಎದುರಾಳಿಗಳದು. ಎರಡು ವಿಮಾನ ಬದಲಿಸಿ ಬೆಳಿಗ್ಗೆ ಇಳಿದವರಿಗೂ ಹಾಸ್ಟೆಲ್‌ನಿಂದ ನಡೆದು ಬಂದವರಿಗೂ ನಡುವೆ ಸಂಜೆ ನಡೆಯುವ ಆಟವನ್ನು ಸ್ಪರ್ಧೆ ಎನ್ನಬಹುದೇ? ನಿಮ್ಮನ್ನಷ್ಟೇ ದೂರುವ ಹಕ್ಕು ನನಗಿಲ್ಲ. ಊರು ಹಿಂಜರಿಯುತ್ತಿದ್ದಾಗ ‘ವರ್ಷಕ್ಕೆ ಐದೇ ಐದು ದೂರದ ಪ್ರಯಾಣ, ಅಷ್ಟಕ್ಕೆ ಹೆದರುವುದೇ?’ ಎಂದು ಅಂಕಣದಲ್ಲಿ ಬರೆದವನು ನಾನು. ಐದು ಎಂಬುದು ಫುಟ್‌ಬಾಲ್ ತಂಡದ ಲೆಕ್ಕ. ನಮ್ಮೂರಿನಲ್ಲಿ ಋತು ಎಂದರೆ ಫುಟ್‌ಬಾಲ್ ಋತುವೇ. ಕಾಲೇಜಿನ ಉಳಿದ ಒಂಬತ್ತು ತಂಡಗಳೂ ಪ್ರಯಾಣ ಮಾಡಬೇಕೆಂಬುದು ನನಗೆ ಹೊಳೆಯಲೇ ಇಲ್ಲ. ಪೂರ್ತಿ ವೇಳಾಪಟ್ಟಿ ನಿಮ್ಮ ಮೇಜಿನ ಮೇಲಿತ್ತು. ನಾನು ಕೇಳಲಿಲ್ಲ, ನೀವು ಹೇಳಲಿಲ್ಲ. ನನ್ನ ಅಂಕಣವನ್ನು ಮಾತ್ರ, ನಿರ್ಧಾರ ಕೈಯಲ್ಲಿದ್ದ ಕಾಲೇಜಿನ ಟ್ರಸ್ಟಿಗಳಿಗೆ ಹಂಚಿದಿರಿ.

ಸೋಮವಾರ ಊರಿನ ಡೈನರ್ ಹೋಟೆಲಿನಲ್ಲಿ ವಾಲಿಬಾಲ್ ತಂಡದ ನಾಯಕಿ, ನರ್ಸಿಂಗ್ ವಿದ್ಯಾರ್ಥಿನಿ ಮಾರ್ಲಿಸ್ ಓಸ್ಟ್ಬಿ ನನ್ನೆದುರು ಬಂದು ಕುಳಿತಳು.

“ಐದು ಸಲ ಅಂತ ಬರೆದಿದ್ರಲ್ಲ ಮಿಸ್ಟರ್ ಪ್ರೂಟ್, ನಾವು ಹನ್ನೊಂದು ಸಲ ಹೋಗ್ಬಂದ್ವಿ. ನಮ್ಮನ್ನ ಎಣಿಸೋಕೆ ಮರೆತ್ರಾ, ಇಲ್ಲಾ ನಮ್ಮದು ಆಟಾನೇ ಅಲ್ವಾ?”

“ತಪ್ಪು ನಂದೇ ಕಣಮ್ಮ.”

“ಎಂಟು ದಿನ ಆಸ್ಪತ್ರೆ ಡ್ಯೂಟಿ ತಪ್ಪಿದೆ. ಮುಂದಿನ ವರ್ಷಾನೂ ಹೀಗಾದ್ರೆ ನರ್ಸಿಂಗ್ ಕೈಬಿಟ್ಟುಹೋಗತ್ತೆ. ಅದಕ್ಕೇ ಆಟ ಬಿಡ್ತೀನಿ. ಟ್ಯಾನರ್ ಕ್ರೀಕ್‌ನವರ ಹತ್ರ ಸೋತಿದ್ರೆ ಒಂದು ಪೈ ಬೇಯಿಸಿಕೊಟ್ಟು ಮನೆಗೆ ಹೋಗಿ ಮಲಗ್ತಿದ್ವಿ.”

ಟ್ಯಾನರ್ ಕ್ರೀಕ್ ಕಾಲೇಜು ಇಲ್ಲಿಂದ ನಲವತ್ತು ಮೈಲಿ. ಸೋತವರು ಗೆದ್ದವರಿಗೆ ತಮ್ಮ ಕೈಯಾರೆ ಆಪಲ್ ಪೈ ಎಂಬ ಸೇಬಿನ ಸಿಹಿತಿನಿಸು ಬಡಿಸುವುದು ಎರಡು ಕಾಲೇಜುಗಳ ಐವತ್ತು ವರ್ಷದ ರೂಢಿ. ಹಳೆಯ ಒಕ್ಕೂಟ ಬಿಟ್ಟ ಕಾರಣ ಈ ಸಲ ಆ ಪಂದ್ಯವೇ ಇರಲಿಲ್ಲ. ಅದು ನಿಂತ ಸುದ್ದಿಯನ್ನೂ ನಾನು ಬರೆಯಲಿಲ್ಲ.

ಫುಟ್‌ಬಾಲ್ ದೊಡ್ಡ ಒಕ್ಕೂಟದಲ್ಲೇ ಇರಲಿ. ಉಳಿದ ಒಂಬತ್ತು ತಂಡಗಳನ್ನು ಹಳೆಯ ಒಕ್ಕೂಟಕ್ಕೆ ಮರಳಿಸಿ. ಸೇರಿಸಿಕೊಳ್ಳಲು ಸಿದ್ಧವೆಂದು ಅವರು ನಿಮಗೆ ಬರೆದಿದ್ದಾರೆ. ಅಂದು ನನ್ನ ಅಂಕಣ ಹಂಚಿದ ಕೈಯಿಂದಲೇ ಈ ಪತ್ರವನ್ನೂ ಹಂಚಿ.

ಮಾರ್ಲಿಸ್ ತನ್ನ ರಾಜೀನಾಮೆಯನ್ನು ಟ್ರಸ್ಟಿಗಳ ಸಭೆ ಮುಗಿಯುವವರೆಗೆ ತಡೆಹಿಡಿಯಲು ಒಪ್ಪಿದ್ದಾಳೆ. ಸಭೆ ಡಿಸೆಂಬರ್ ಒಂಬತ್ತು, ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ.

ಇಂತಿ,
ಐದರಾಚೆ ಎಣಿಸದ ನಿವೃತ್ತ ಕ್ರೀಡಾ ಸಂಪಾದಕ,
ವೆಂಡೆಲ್ ಪ್ರೂಟ್