ಉತ್ತರ ಕೇಳಿದವರ ಕೈಗೆ

ಮನೆಯ ಮುಂದಿನ ಕೋಣೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅತ್ತೆಮ್ಮಾ,

ನಿಮ್ಮ ಸೊಸೆಯ ನಮಸ್ಕಾರಗಳು. ಮಂಡಿನೋವು ಹೇಗಿದೆ? ನಿಮ್ಮ ಮಗಳನ್ನು ಕೇಳಿದರೆ "ಅಮ್ಮ ಚೆನ್ನಾಗಿದ್ದಾಳೆ" ಅನ್ನುತ್ತಾಳೆ, ನಿಮ್ಮನ್ನು ಕೇಳಿದರೆ ಕೂಸಿನ ತೂಕ ಹೇಳುತ್ತೀರಿ. ಸುತ್ತುಬಳಸು ಬೇಡ, ಮೆಟ್ಟಿಲು ಹತ್ತಲು ಆಗುತ್ತಿದೆಯೋ ಇಲ್ಲವೋ ನೇರವಾಗಿ ಬರೆಯಿರಿ. ಬಾಣಂತಿ, ಕೂಸು ಇಬ್ಬರೂ ಕ್ಷೇಮ ತಾನೆ? ಹೊರಟ ದಿನ ಬಸ್ಸಿನ ಬಾಗಿಲಲ್ಲಿ ನಿಂತು ನೀವು ಕೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. "ನನ್ ಕೋಣೆ ಮಹಡೀಲಿ, ಮಂಡಿ ನೋಡಿದ್ರೆ ಹೀಗೆ. ನಾನು ವಾಪಸ್ ಬರ್ಲೋ, ಮಗಳ ಹತ್ರಾನೇ ಇದ್ದುಬಿಡ್ಲೋ? ಈಗ್ಲೇ ಹೇಳ್ಬೇಡ, ಯೋಚ್ನೆ ಮಾಡಿ ಬರಿ" ಅಂದಿರಿ. ಬರೆಯುತ್ತೇನೆ. ಅದಕ್ಕೆ ಮುಂಚೆ ನನ್ನ ಜಂಬವನ್ನು ಸ್ವಲ್ಪ ಕೇಳಿಸಿಕೊಳ್ಳಿ. ಹೇಳಿಕೊಳ್ಳಲು ಮನೆಯಲ್ಲಿ ನೀವಿಲ್ಲದೆ ಹೊಟ್ಟೆ ಉಬ್ಬರಿಸುತ್ತಿದೆ.

ನಮ್ಮ ಆಫೀಸಿನ ಡ್ರಿಪ್ ಪಂಪ್ ಪರೀಕ್ಷೆಯಲ್ಲಿ ಪಾಸಾಯಿತು, ಅತ್ತೆಮ್ಮಾ! ರೋಗಿಯ ಮಂಚದ ಪಕ್ಕ ನಿಂತು ಔಷಧಿಯನ್ನು ಕೊಳವೆಯಲ್ಲಿ ಹನಿಹನಿಯಾಗಿ ತಳ್ಳುತ್ತದಲ್ಲ, ಅದೇ. ಅದರೊಳಗಿನ ಚಿಪ್ ಕಿರುಬೆರಳ ಉಗುರಿನಷ್ಟು, ಭಾಗಾಕಾರ ಮಾಡಲೂ ಬಾರದ ಪ್ರಾಣಿ. ಅದಕ್ಕೆ ಅಸೆಂಬ್ಲಿ ಭಾಷೆಯಲ್ಲಿ ಒಂದೊಂದು ಹೆಜ್ಜೆಯನ್ನೂ ಬಿಡಿಸಿ ಬರೆಯಬೇಕು. ಪದೇ ಪದೇ ಬೇಕಾಗುವ ಸಾಲುಗಳನ್ನು ಒಟ್ಟು ಮಾಡಿ ಒಂದು ಹೆಸರಿಟ್ಟರೆ ಅದು ಮ್ಯಾಕ್ರೊ; ನಾವು ಹೆಸರು ಬರೆದ ಕಡೆಯೆಲ್ಲ ಅಸೆಂಬ್ಲರ್ ಅನ್ನುವ ತಂತ್ರಾಂಶ ಆ ಸಾಲುಗಳನ್ನು ತಂದು ಸುರಿಯುತ್ತದೆ. ಯಾವ ಕೊಳವೆಗೆ ಮೋಟಾರು ಎಷ್ಟು ಹೊತ್ತಿಗೊಮ್ಮೆ ತಿರುಗಬೇಕೆಂದು ಲೆಕ್ಕ ಹಾಕುವ ಮ್ಯಾಕ್ರೊ ನಮ್ಮಲ್ಲಿ ಮೊದಲೇ ಇತ್ತು. ಆದರೆ ಅದು ಉತ್ತರವನ್ನು ಎಲ್ಲ ಮ್ಯಾಕ್ರೊಗಳೂ ಬಳಸುವ ಒಂದೇ ಹೆಸರಿನ ಜಾಗದಲ್ಲಿ ಇಟ್ಟು ಹೋಗುತ್ತಿತ್ತು. ನಾವು ಎತ್ತಿಕೊಳ್ಳುವಷ್ಟರಲ್ಲಿ ಇನ್ನೊಂದು ಮ್ಯಾಕ್ರೊ ಬಂದು ತನ್ನ ಉತ್ತರವನ್ನೂ ಅಲ್ಲೇ ಇಟ್ಟುಬಿಟ್ಟಿರುತ್ತಿತ್ತು. ಹೀಗಾಗಿ ಪರೀಕ್ಷೆಯ ಮೇಜಿನ ಮೇಲೆ ಮಕ್ಕಳ ಸಣ್ಣ ಕೊಳವೆಗೆ ದೊಡ್ಡವರ ಕೊಳವೆಯ ಸಂಖ್ಯೆ ಹೋಯಿತು. ಸದ್ಯ, ಒಳಗಿದ್ದದ್ದು ಬರೀ ನೀರು. ಆದರೂ ಎಲ್ಲರ ಮುಖ ಬಿಳಿಚಿಕೊಂಡಿತು. ತಪ್ಪು ಎಲ್ಲಿದೆಯೆಂದು ಗೊತ್ತಾದ ಮೇಲೂ ಅದನ್ನು ಸರಿಪಡಿಸುವ ದಾರಿ ಯಾರಿಗೂ ಹೊಳೆಯಲಿಲ್ಲ.

ದಾರಿ ತೋರಿಸಿದ್ದು ನಿಮ್ಮ ಸುಪುತ್ರರು, ಅವರಿಗೇ ಗೊತ್ತಿಲ್ಲದ ಹಾಗೆ. ಒಂದು ಸಂಜೆ ಟ್ಯಾಂಕಿನಲ್ಲಿ ನೀರಿದೆಯೇ ನೋಡಿ ಬನ್ನಿ ಅಂದೆ. ಹೋದರು, ನೋಡಿದರು, ಬಂದು ಪೇಪರ್ ಹಿಡಿದು ಕೂತರು. ಕೇಳಿದರೆ "ಫ್ರಿಜ್ ಮೇಲೆ ಚೀಟಿ ಇಟ್ಟಿದೀನಲ್ಲ" ಅನ್ನುತ್ತಾರೆ! ಅದರ ಮೇಲೆ ಅಷ್ಟರಲ್ಲಿ ಇಸ್ತ್ರಿಯವನ ಚೀಟಿ ಕೂತಿತ್ತು. ಆಪರೇಷನ್ ಥಿಯೇಟರಿನಲ್ಲಿ ಅಷ್ಟು ವರ್ಷ ನರ್ಸ್ ಆಗಿದ್ದ ನೀವು ಇವರನ್ನು ದಿನಾ ಗದರಿಸುತ್ತಿದ್ದ ಮಾತು ನೆನಪಾಗಿ ನಗು ಬಂತು. "ಕತ್ತರಿ ಕೇಳಿದ್ರೆ ಕತ್ತರಿ ಕೈಗೇ ಬರ್ಬೇಕು, ಟ್ರೇ ಮೇಲಿಟ್ಟೆ ಅನ್ನೋದಲ್ಲ." ನಗುತ್ತಿದ್ದವಳು ಹಾಗೇ ಎದ್ದು ಈ ಮೇಜಿಗೆ ಬಂದು ಆ ಮ್ಯಾಕ್ರೊವನ್ನು ಮೊದಲಿನಿಂದ ಬರೆಯಲು ಕೂತೆ. ನನ್ನ ಮ್ಯಾಕ್ರೊ ಉತ್ತರವನ್ನು ಎಲ್ಲೂ ಇಟ್ಟು ಹೋಗುವುದಿಲ್ಲ. ಹೊರಡುವ ಕೊನೆಯ ಸಾಲಿನಲ್ಲಿ ಉತ್ತರವನ್ನು ಹಿಡಿದುಕೊಂಡೇ ಹೊರಡುತ್ತದೆ. ಯಾವ ಸಾಲಿನ ನಡುವೆ ಕೇಳಿದೆವೋ ಸರಿಯಾಗಿ ಅದೇ ಜಾಗದಲ್ಲಿ ಆ ಸಂಖ್ಯೆ ಬಂದು ಕೂರುತ್ತದೆ. ಲೆಕ್ಕವೆಲ್ಲ ನಮ್ಮ ಕಂಪ್ಯೂಟರಿನಲ್ಲೇ ಮುಗಿಯುವುದರಿಂದ ಪಂಪಿಗೆ ಹೋಗುವುದು ಉತ್ತರ ಮಾತ್ರ. ಇಲ್ಲದ ಕೊಳವೆಯ ಅಳತೆ ಕೊಟ್ಟರೆ ಮುಂದೆ ಹೋಗದೆ "ಸರಿಯಾಗಿ ಕೇಳಿ" ಎಂದು ತೆರೆಯ ಮೇಲೆ ಗದರಿಸುತ್ತದೆ. ಅದೂ ನಿಮ್ಮದೇ ಮಾತು, ನಿಮ್ಮನ್ನು ಕೇಳದೆ ಎತ್ತಿಕೊಂಡೆ.

ಶುಕ್ರವಾರ ಮತ್ತೆ ಪರೀಕ್ಷೆ. ಸಣ್ಣ ಕೊಳವೆ, ದೊಡ್ಡ ಕೊಳವೆ ಎಲ್ಲವನ್ನೂ ಬದಲಾಯಿಸಿ ಬದಲಾಯಿಸಿ ನೋಡಿದರು. ನಾನು ಹನಿಗಳನ್ನೇ ನೋಡುತ್ತಿದ್ದೆ. ಒಂದೂ ತಪ್ಪಲಿಲ್ಲ. ಇದನ್ನು ಎಲ್ಲಿ ಕಲಿತೆ ಎಂದು ನಮ್ಮ ಮುಖ್ಯಸ್ಥೆ ಕೇಳಿದಾಗ, ನಮ್ಮ ಅತ್ತೆಯಿಂದ ಅಂದೆ. ಎಲ್ಲರೂ ತಮಾಷೆಯೆಂದು ನಕ್ಕರು. ಆಮೇಲೆ ಕತ್ತರಿಯ ಮಾತು ಹೇಳಿದೆ; ಈಗ ಆಫೀಸಿನಲ್ಲಿ ಯಾರಾದರೂ ಏನನ್ನಾದರೂ ಮೇಜಿನ ಮೇಲಿಟ್ಟು ಹೋದರೆ "ಕೈಗೆ ಕೊಡಪ್ಪಾ" ಅನ್ನುತ್ತಾರೆ. ಆಸ್ಪತ್ರೆಗೆ ಹೋಗುವ ಪಂಪಿನೊಳಗೆ ನನ್ನ ಮ್ಯಾಕ್ರೊ ಎಲ್ಲೂ ಇರುವುದಿಲ್ಲ, ಅದು ಕೊಟ್ಟ ಉತ್ತರವಷ್ಟೇ ಇರುತ್ತದೆ. ಯಾವುದೋ ಮಗುವಿನ ಪಕ್ಕದಲ್ಲಿ ಅದು ಸರಿಯಾಗಿ ಹನಿ ಹಾಕುತ್ತಿರುತ್ತದೆ ಎಂದು ನೆನೆದರೆ ನನಗೆ ತುಂಬ ಹೆಮ್ಮೆಯಾಗುತ್ತದೆ, ನನ್ನ ಬಗ್ಗೆಯೂ, ನಿಮ್ಮ ಬಗ್ಗೆಯೂ.

ಮಾತ್ರೆ ತಪ್ಪಿಸಬೇಡಿ. ಕೂಸಿಗೆ ನನ್ನದೊಂದು ಮುತ್ತು, ನಾದಿನಿಗೆ ನೆನಪುಗಳು. ಅಂಚೆಗೆ ಹಾಕಲು ಇವರು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಮುಗಿಸುತ್ತೇನೆ.

ನಿಮ್ಮ ಆಶೀರ್ವಾದದಲ್ಲಿರುವ,
ಜಂಬದ ಸೊಸೆ

ತಾ.ಕ.: ನೋಡಿ, ನಿಮ್ಮ ಪ್ರಶ್ನೆಗೆ ಉತ್ತರ ಬರೆಯದೆ ಲಕೋಟೆ ಅಂಟಿಸಲು ಹೊರಟಿದ್ದೆ! ಬನ್ನಿ. ಬರಲೇಬೇಕು. ನಿಮ್ಮ ಕೋಣೆ ಇನ್ನು ಮಹಡಿಯಲ್ಲಲ್ಲ, ನಾನು ಕೂತು ಬರೆಯುತ್ತಿರುವ ಈ ಮುಂದಿನ ಕೋಣೆಯೇ ನಿಮ್ಮದು. ನನ್ನ ಮೇಜು, ಕಂಪ್ಯೂಟರು ಮೇಲೆ ಹೋಗುತ್ತವೆ. ನನ್ನ ಮಂಡಿ ಗಟ್ಟಿಯಾಗಿದೆ. ನಿಮ್ಮ ಮಂಚ ಇಲ್ಲಿ ಹಿಡಿಯುತ್ತದೆಯೇ ಅಳೆದು ಬನ್ನಿ ಎಂದು ನಿಮ್ಮ ಮಗನಿಗೆ ಚಪ್ಪಲಿ ಬಿಡಿಸಿ, ಟೇಪು ಕೊಟ್ಟು ಮೇಲೆ ಕಳಿಸಿದೆ. ಹೋದರು, ಅಳೆದರು, ಈ ಸಲ ಪೇಪರಿನ ಕಡೆ ತಿರುಗಿಯೂ ನೋಡದೆ ಸೀದಾ ನನ್ನ ಹತ್ತಿರ ಬಂದು ನಿಂತರು. "ಹಿಡಿಯುತ್ತೆ. ಅಮ್ಮಂಗೆ ಬರೋಕೆ ಹೇಳು."