ಬೀಗ ಬಿದ್ದ ಗಟ್ಟಿ ಬೆಂಚು

ಕಡಲ ತೀರದ ಉದ್ಯಾನವನ್ನು ನೋಡಿಕೊಳ್ಳಬೇಕಾದ ಮಾನ್ಯರೇ,

ನಿಮ್ಮ ಮರದ ಬೆಂಚು ಮುರಿದು ನನ್ನ ಅತ್ತೆಯ ಕೈ ಮುರಿಯಿತು. ನಾವು ರಿಪೇರಿ ಮಾಡಿದ ಇನ್ನೊಂದು ಬೆಂಚನ್ನು ನೀವು ಹೊತ್ತೊಯ್ದು ಗೋದಾಮಿನಲ್ಲಿಟ್ಟು ಬೀಗ ಹಾಕಿಸಿದಿರಿ. ಮೊದಲನೆಯದನ್ನು ಅಲಕ್ಷ್ಯ ಎನ್ನೋಣ. ಎರಡನೆಯದಕ್ಕೆ ಏನೆನ್ನಬೇಕು?

ನನ್ನ ಅತ್ತೆ ಅಪ್ಪಿ, ಕೋಟೇಶ್ವರದ ಮನೆಮನೆಗೆ ಮೀನಿನ ಬುಟ್ಟಿ ಹೊತ್ತವರು. ಈಗ ಮೊಣಕಾಲು ಮಡಚಲಾಗದು. ಮರಳಿನಲ್ಲಿ ಕುಳಿತರೆ ಎಬ್ಬಿಸಲು ಜನ ಬೇಕು. ಹಾಗಾಗಿ ಬೆನ್ನು ಒರಗಿಸುವ ಬೆಂಚುಗಳು ಬಂದಾಗ ಊರಲ್ಲಿ ಅವರಷ್ಟು ಖುಷಿಪಟ್ಟವರಿಲ್ಲ. ಸಂಜೆಯಾದರೆ ಗೆಳತಿ ವನಜಕ್ಕನ ಜೊತೆ ಅಲ್ಲಿ ಕುಳಿತು, ಯಾವ ದೋಣಿಗೆ ಏನು ಮೀನು ಸಿಕ್ಕಿರಬಹುದೆಂದು ವಾದ ಮಾಡುತ್ತಿದ್ದರು.

ಉದ್ಘಾಟನೆಯ ದಿನ ಬೆಂಚುಗಳು ಫಳಫಳ ಹೊಳೆದವು. ಆಮೇಲೆ? ಉಪ್ಪುಗಾಳಿ ಬೀಸಿತು, ಮಳೆಗಾಲ ಬಂದು ಹೋಯಿತು, ಮತ್ತೆ ಬಂತು. ಬಣ್ಣ ಹಪ್ಪಳದಂತೆ ಎದ್ದಿತು, ಸಂದುಗಳಲ್ಲಿ ನೀರು ನಿಂತಿತು, ಮೊಳೆಗೆ ತುಕ್ಕು ಹಿಡಿಯಿತು. ನಿಮ್ಮ ಕಚೇರಿಯಿಂದ ಒಬ್ಬರಾದರೂ ಒರೆಸುವ ಬಟ್ಟೆ ಹಿಡಿದು ಬಂದರೇ? ಕಡಲ ಬದಿಯ ಮರಕ್ಕೆ ಆರೈಕೆ ಬೇಕೆಂಬುದು ನಿಮ್ಮ ಯಾವ ಟೆಂಡರಿನಲ್ಲೂ ಇರಲಿಲ್ಲವೇ? ಒಂದು ಸಂಜೆ ಹಲಗೆ ಲಟಕ್ಕನೆ ಮುರಿದು ಅತ್ತೆ ಬಿದ್ದರು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ನಿಮ್ಮ ಪರಿಹಾರ ಮರುದಿನವೇ ಬಂತು: ‘ಇಲ್ಲಿ ಕುಳಿತುಕೊಳ್ಳಬಾರದು’ ಎಂಬ ಫಲಕ. ತಗಡಿನದು, ಗಟ್ಟಿಯಾಗಿದೆ.

ನನಗೆ ತಡೆಯಲಾಗಲಿಲ್ಲ. ಉಳಿದವುಗಳಲ್ಲಿ ಹಲಗೆ ಚೆನ್ನಾಗಿದ್ದ ಒಂದನ್ನು ಆರಿಸಿ, ಪಕ್ಕದ ಮನೆಯ ಪಾಂಡು ಅಣ್ಣನೂ ನಾನೂ ಸಿಹಿನೀರಿನಲ್ಲಿ ತೊಳೆದೆವು. ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ, ತುಕ್ಕು ಮೊಳೆ ಕಿತ್ತು ಹಿತ್ತಾಳೆ ಸ್ಕ್ರೂ ಹಾಕಿ, ಅಗಸೆ ಎಣ್ಣೆ ಹಚ್ಚಿದೆವು. ಅತ್ತೆ ಎಡಗೈಯಿಂದ ಸವರಿ ನೋಡಿ, “ಈಗ ಕೂಕಂಬುಕಾತ್ತ್,” ಎಂದು ಕುಳಿತೇಬಿಟ್ಟರು.

ಕುಳಿತದ್ದು ಕೆಲವೇ ಸಂಜೆ. ನಿಮ್ಮ ಸಿಬ್ಬಂದಿ ಟೆಂಪೊ ತಂದರು.

“ಹ್ವಾಯ್, ಅದನ್ನ್ ಎಂತಕ್ಕೆ ತಕಂಡ್ ಹೋತ್ರಿ?” ಪಾಂಡು ಅಣ್ಣ ಕೇಳಿದ.

“ಕೇಳ್ದೆ ಸರ್ಕಾರಿ ಸ್ವತ್ತ್ ಮುಟ್ಟುಕಾಗ ಅಂದ್ರ್ ಸಾಹೇಬ್ರ್,” ಎಂದ ಅವರಲ್ಲೊಬ್ಬ.

ಅತ್ತೆ ಕೋಲೂರಿ ನಿಂತಿದ್ದರು. “ಮುರ್ದದ್ದನ್ನ್ ಇಲ್ಲೇ ಬಿಟ್ರ್ಯಲೆ,” ಎಂದಷ್ಟೇ ಹೇಳಿ ಮನೆಯ ಕಡೆ ತಿರುಗಿದರು.

ಆಮೇಲೆ ಅವರು ಕಡಲ ಕಡೆ ಹೋಗಿಲ್ಲ. ವನಜಕ್ಕ ಕರೆಯಲು ಬಂದರೆ ಕಾಲುನೋವು ಎನ್ನುತ್ತಾರೆ. ಮಣಿಕಟ್ಟು ಕೂಡಿದೆ, ಸಂಜೆಯ ಮಾತು ನಿಂತೇ ಹೋಗಿದೆ.

ಹೊಸ ಬೆಂಚುಗಳು ಬರುತ್ತವೆಂದು ಕೇಳಿದೆ. ಅದೇ ಮೊಳೆ, ಅದೇ ಹೊಳಪು ಬಣ್ಣವಂತೆ. ಮಾನ್ಯರೇ, ಮೊದಲು ನಮ್ಮ ಬೆಂಚನ್ನು ಅದರ ಜಾಗಕ್ಕೆ ತಂದಿಡಿ. ವರ್ಷವರ್ಷ ಮಳೆಗೆ ಮುಂಚೆ ಎಲ್ಲ ಬೆಂಚುಗಳನ್ನೂ ತೊಳೆಸಿ, ಎಣ್ಣೆ ಹಚ್ಚಿಸಿ, ಟಾರ್ಪಾಲು ಹೊದಿಸಿ. ಆಳಿಲ್ಲವೆಂದರೆ ಅನುಮತಿ ಕೊಡಿ, ನಾವೇ ಮಾಡುತ್ತೇವೆ. ಅದೂ ಆಗದಿದ್ದರೆ, ಆರೈಕೆಯಿಲ್ಲದೆ ಮಳೆಗಾಲ ಕಳೆದ ನಿಮ್ಮ ಹೊಸ ಬೆಂಚಿನ ಮೇಲೆ ನೀವು ಮೊದಲು ಕುಳಿತು ತೋರಿಸಿ. ನನ್ನ ಅತ್ತೆ ನಿಂತುಕೊಂಡು ನೋಡುತ್ತಾರೆ.

ಇಂತಿ,
ನಿಮಗೆ ಬೆಣ್ಣೆ ಹಚ್ಚದೆ ಮರಕ್ಕೆ ಎಣ್ಣೆ ಹಚ್ಚಿ ತಪ್ಪಿತಸ್ಥಳಾದ
ವಿನಯಾ